ಲೋಥಲ್‌ಗೆ ಐದು ಸ್ಟಾರ್, ಕರ್ಕೊಂಡು ಹೋದವರಿಗೆ ಎರಡು

ಅಡಿಕೆ ಬಾಕಿ ವಸೂಲಿಗೆ ಅಂತ ಅಹಮದಾಬಾದ್‌ಗೆ ಹೋಗಿದ್ದೆ. ಸಾಗರದ ಮಂಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುವವನು ನಾನು. ಗುಜರಾತಿನ ಪಾರ್ಟಿಗಳ ಜೊತೆ ಫೋನಿನಲ್ಲಿ ದಿನಾ ಮಾತು, ಊರು ಮಾತ್ರ ನೋಡಿರಲಿಲ್ಲ. ಗುರುವಾರ ಹೋಗಿ ಇಳಿದರೆ ಪಾರ್ಟಿ "ಸೋಮವಾರ ಬನ್ನಿ, ಚೆಕ್ ರೆಡಿ ಇರುತ್ತೆ" ಅಂದರು. ಅಲ್ಲಿಯವರೆಗೆ ಲಾಡ್ಜಿನಲ್ಲಿ ಕೂತು ಏನು ಮಾಡುವುದು? ಜೊತೆಗೆ ಬಂದಿದ್ದ ಭಾವಮೈದುನ ಮೊಬೈಲಿನಲ್ಲಿ ತಡಕಾಡಿ ಒಂದು ದಿನದ ಲೋಥಲ್ ಟೂರ್ ಬುಕ್ ಮಾಡಿದ. ಲೋಥಲ್ ಅಂದರೆ ಸಿಂಧೂ ನಾಗರಿಕತೆಯ ಕಾಲದ, ಬಂದರು ಇತ್ತು ಅನ್ನುವ ಹಳೆಯ ಊರು. ಕಾರು, ಗೈಡ್, ಮಧ್ಯಾಹ್ನದ ಊಟ ಸೇರಿ ಇಬ್ಬರಿಗೆ 4,800 ರೂಪಾಯಿ. ಈ ವಿಮರ್ಶೆ ಆ ಟೂರಿನದ್ದೂ ಹೌದು, ಲೋಥಲ್‌ನದ್ದೂ ಹೌದು. ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ಮೊದಲು ಟೂರಿನ ಕಥೆ ಮುಗಿಸಿಬಿಡುತ್ತೇನೆ. ಅವರು ನಮಗೆ ಕೊಟ್ಟ ದಿನ ಶುಕ್ರವಾರ. ಲೋಥಲ್ ಮ್ಯೂಸಿಯಂಗೆ ಶುಕ್ರವಾರ ರಜೆ! ದಿನಾ ಇದೇ ಕೆಲಸ ಮಾಡುವವರಿಗೆ ಇಷ್ಟು ಗೊತ್ತಿರಲ್ವಾ? ಲಾಡ್ಜಿನ ಕೌಂಟರಿನಲ್ಲಿದ್ದ ಹುಡುಗ ಹೇಳಿದ್ದಕ್ಕೆ ಬಚಾವಾದೆವು. ಶನಿವಾರಕ್ಕೆ ಬದಲಾಯಿಸಿ ಅಂದರೆ ಅದಕ್ಕೂ 300 ರೂಪಾಯಿ ಕಿತ್ತರು. ಬೆಳಿಗ್ಗೆ ಎಂಟಕ್ಕೆ ಬರಬೇಕಾದ ಕಾರು ಒಂಬತ್ತೂಕಾಲಿಗೆ ಬಂತು. ಅಹಮದಾಬಾದಿನಿಂದ ಲೋಥಲ್ ಸುಮಾರು 80 ಕಿಲೋಮೀಟರ್. ಬಗೋದರಾ ಕಡೆಯ ಹೆದ್ದಾರಿ ಚೆನ್ನಾಗಿದೆ, ದಾರಿಯಲ್ಲಿ ಗಾಂಠಿಯಾ (ಕಡಲೆಹಿಟ್ಟಿನ ಕುರುಕಲು), ಹುರಿದ ಹಸಿಮೆಣಸಿನಕಾಯಿ, ಟೀ. ಅದು ಬಿಸಿಬಿಸಿಯಾಗಿ ಸೊಗಸಾಗಿತ್ತು, ಆ ಅಂಗಡಿ ತೋರಿಸಿದ ಡ್ರೈವರಿಗೆ ಒಂದು ಸ್ಟಾರ್ ನನ್ನ ಲೆಕ್ಕದಿಂದ.

ಹೆದ್ದಾರಿ ಬಿಟ್ಟ ಮೇಲೆ ಸೀಮೆಯೇ ಬೇರೆ. ನಮಗೆ ಮಲೆನಾಡಿನವರಿಗೆ ಎದುರಿಗೆ ಒಂದು ಗುಡ್ಡ ಇಲ್ಲದಿದ್ದರೆ ಕಣ್ಣು ಎಲ್ಲಿ ನಿಲ್ಲಿಸಬೇಕು ಅಂತಲೇ ತಿಳಿಯುವುದಿಲ್ಲ. ಇಲ್ಲಿ ದೋಸೆ ಕಾವಲಿಯ ಹಾಗೆ ಸಪಾಟು. ಭಾಲ್ ಪ್ರದೇಶ ಅನ್ನುತ್ತಾರೆ, ಉಪ್ಪು ಸೇರಿದ ಮಣ್ಣು. ನೀರು ಹಾಯಿಸದೆ ಮಳೆಗಾಲದ ತೇವದಲ್ಲೇ ಇಲ್ಲಿ ಭಾಲಿಯಾ ಗೋಧಿ ಬೆಳೆಯುತ್ತಾರೆ ಅಂತ ಡ್ರೈವರ್ ಹೇಳಿದ. ಸಮುದ್ರ ಕಣ್ಣಿಗೆ ಕಾಣುವುದಿಲ್ಲ, ನದಿಯೂ ಇಲ್ಲ. "ಬಂದರು ಅಂದರಲ್ಲ ಭಾವ, ನೀರೇ ಇಲ್ಲ" ಅಂತ ನನ್ನ ಭಾವಮೈದುನ ಅಲ್ಲಿಂದಲೇ ಗೊಣಗಲು ಶುರು ಮಾಡಿದ.

ಗೈಡ್ ಸೈಟಿನ ಗೇಟಿನಲ್ಲಿ ಸಿಕ್ಕ. ಹುಡುಗ ಒಳ್ಳೆಯವನೇ, ಆದರೆ ಬಾಯಿಗೆ ಬಂದಿದ್ದು ಹೇಳುತ್ತಾನೆ. ಹತ್ತು ಸಾವಿರ ವರ್ಷ ಹಳೆಯದು ಅಂದ. ಅಲ್ಲೇ ಮ್ಯೂಸಿಯಂ ಬೋರ್ಡು ನೋಡಿದರೆ ಲೆಕ್ಕ ಸಿಗುತ್ತದೆ, ಊರು ಚೆನ್ನಾಗಿ ನಡೆದದ್ದು ಕ್ರಿಸ್ತಪೂರ್ವ 2400ರಿಂದ 1900ರ ಸುಮಾರಿನ ತನಕ. ಅಂದರೆ ನಾಲ್ಕು ಸಾವಿರ ಚಿಲ್ಲರೆ ವರ್ಷ. ಅದೇನು ಕಡಿಮೆಯಾ? ಸುಮ್ನೆ ಯಾಕೆ ಅದನ್ನು ಎರಡೂವರೆ ಪಟ್ಟು ಮಾಡಬೇಕು? ಆಮೇಲೆ ವ್ಯಾಪಾರಿಗಳು ಚಿನ್ನದ ನಾಣ್ಯ ಎಣಿಸಿಕೊಂಡು ಸರಕು ಕೊಡುತ್ತಿದ್ದರು ಅಂದ. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ಸಿಂಧೂ ನಾಗರಿಕತೆಯಲ್ಲಿ ನಾಣ್ಯವೇ ಸಿಕ್ಕಿಲ್ಲ ಮಾರಾಯ, ನಮ್ಮ ದೇಶದ ಮೊದಲ ಮುದ್ರೆ ಒತ್ತಿದ ನಾಣ್ಯಗಳು ಬಂದದ್ದು ಅದಾಗಿ ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ ಅಂತ ನನ್ನ ಮುರುಕಲು ಹಿಂದಿಯಲ್ಲಿ ಹೇಳಿದೆ. ಅವನು ನಕ್ಕು "ಶೇಠ್‌ಜಿ, ಎಲ್ಲರೂ ಇದೇ ಕೇಳೋಕೆ ಇಷ್ಟಪಡ್ತಾರೆ" ಅಂದ. ಆಮೇಲೆ ನಮ್ಮನ್ನು ನಮ್ಮ ಪಾಡಿಗೆ ಬಿಟ್ಟ. ಟೂರಿನಲ್ಲಿ ಆದ ಅತ್ಯಂತ ಒಳ್ಳೆಯ ಕೆಲಸ ಅದೇ.

ಈ ಜಾಗ ಹುಡುಕಿದವರ ಹೆಸರು ಎಸ್. ಆರ್. ರಾವ್. ಶಿಕಾರಿಪುರ ರಂಗನಾಥ ರಾವ್. ಶಿಕಾರಿಪುರ! ನಮ್ಮ ಜಿಲ್ಲೆಯ ಊರಿನ ಹೆಸರು ಹೊತ್ತ ಮನುಷ್ಯ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು. ದೇಶ ವಿಭಜನೆಯಾಗಿ ಹರಪ್ಪ, ಮೊಹೆಂಜೊದಾರೊ ಎರಡೂ ಪಾಕಿಸ್ತಾನಕ್ಕೆ ಹೋದ ಮೇಲೆ ಇಲ್ಲಿಯೂ ಅಂಥ ಊರುಗಳಿವೆಯಾ ಅಂತ ಹುಡುಕಾಟ ನಡೆಯಿತು. 1954ರಲ್ಲಿ ಸರಗ್ವಾಲಾ ಹಳ್ಳಿಯ ಈ ದಿಬ್ಬ ಅವರ ಕಣ್ಣಿಗೆ ಬಿತ್ತು, 1955ರಿಂದ 1960ರವರೆಗೆ ಅಗೆಸಿದರು. ದ್ವಾರಕೆಯ ಸಮುದ್ರದಡಿ ಹುಡುಕಿಸಿದವರೂ ಇವರೇ. ತೀರಿಕೊಂಡದ್ದು 2013ರಲ್ಲಿ, ಬೆಂಗಳೂರಿನಲ್ಲಿ. ನಮ್ಮೂರ ಕಡೆ ಎಷ್ಟು ಜನಕ್ಕೆ ಗೊತ್ತು ಹೇಳಿ? ನನಗೇ ಗೊತ್ತಾಗಿದ್ದು ಹಿಂದಿನ ರಾತ್ರಿ ಲಾಡ್ಜಿನಲ್ಲಿ ಓದುವಾಗ.

ಸರಿ, ಬಂದರಿಗೆ ಬರೋಣ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಜಾಗ ಅದೇ. ಸುಟ್ಟ ಇಟ್ಟಿಗೆಯ ಗೋಡೆ ಕಟ್ಟಿದ ದೊಡ್ಡ ತೊಟ್ಟಿ, ಉದ್ದ ಸುಮಾರು 220 ಮೀಟರ್, ಅಗಲ 37 ಮೀಟರ್. ತಳದಲ್ಲಿ ಹಸಿರುಗಟ್ಟಿದ ನೀರು ಒಂದಿಷ್ಟು ಇತ್ತು. ಇಟ್ಟಿಗೆಯ ಸಾಲು ಎಷ್ಟು ನೇರ ಇದೆ ಅಂದರೆ, ನಮ್ಮ ಮಂಡಿಯ ಹೊಸ ಕಾಂಪೌಂಡು ಕಟ್ಟಿದ ಮೇಸ್ತ್ರಿಯನ್ನು ಕರೆದುಕೊಂಡು ಬಂದು ತೋರಿಸಬೇಕು ಅನ್ನಿಸಿತು. ಭಾವಮೈದುನ ದಂಡೆಯ ಮೇಲೆ ನಿಂತು ಎರಡು ನಿಮಿಷ ನೋಡಿ "ಭಾವ, ಇದು ಕೆರೆ ಅಲ್ವಾ?" ಅಂದ.

ನಾನು ನಗಲಿಲ್ಲ. ಯಾಕೆಂದರೆ ಪಂಡಿತರೂ ಅದೇ ಕೇಳಿದ್ದಾರೆ. ರಾವ್ ಅವರು ಇದು ಹಡಗುಕಟ್ಟೆ ಅಂದರು. ನೀರು ಬರುವ ದಾರಿ, ಹೆಚ್ಚಾದದ್ದು ಹೊರಗೆ ಹೋಗಲು ದಾರಿ, ಅದನ್ನು ಮುಚ್ಚಲು ಮರದ ಹಲಗೆ ಇಳಿಸುವ ಸೀಳು, ಎಲ್ಲ ತೋರಿಸಿದರು. ಇಲ್ಲ, ಇದು ನೀರು ಶೇಖರಿಸುವ ತೊಟ್ಟಿ ಅಂತ ಕೆಲವರು ವಾದ ಮಾಡಿದರು. ಆ ಜಗಳ ವರ್ಷಗಟ್ಟಲೆ ನಡೆಯಿತು. 2024ರಲ್ಲಿ ಗಾಂಧಿನಗರದ ಐಐಟಿಯವರು ಉಪಗ್ರಹ ಚಿತ್ರ ಇಟ್ಟುಕೊಂಡು, ಆಗ ಸಾಬರಮತಿ ನದಿ ಲೋಥಲ್ ಪಕ್ಕದಲ್ಲೇ ಹರಿಯುತ್ತಿತ್ತು, ಈಗ ಇಪ್ಪತ್ತು ಕಿಲೋಮೀಟರ್ ಆಚೆಗೆ ಸರಿದಿದೆ ಅಂತ ತೋರಿಸಿದರು. ನದಿ ಪಕ್ಕದಲ್ಲಿದ್ದರೆ ಖಂಭಾತ್ ಕೊಲ್ಲಿಯಿಂದ ದೋಣಿ ಒಳಗೆ ಬರುವುದು ಕಷ್ಟವಲ್ಲ. ನನಗೆ ರಾವ್ ಅವರ ಮಾತೇ ಸರಿ ಅನ್ನಿಸುತ್ತದೆ. ಅದಕ್ಕೆ ನನ್ನ ಕಾರಣ ಬೇರೆ, ಅದು ತೊಟ್ಟಿಯಲ್ಲಿಲ್ಲ. ಪಕ್ಕದ ಗೋಡೌನಿನಲ್ಲಿದೆ.

ತೊಟ್ಟಿಯ ಪಕ್ಕದಲ್ಲೇ, ನಡೆದರೆ ಒಂದು ನಿಮಿಷ ಇಲ್ಲ, ಹಸಿ ಇಟ್ಟಿಗೆಯ ಎತ್ತರದ ಜಗಲಿ ಇದೆ. ಮೂರೂವರೆ ಮೀಟರ್ ಎತ್ತರ. ಮೇಲೆ ಚೌಕ ಚೌಕದ ಕಟ್ಟೆಗಳು, ನಡುವೆ ಓಣಿ. ಮೊದಲು ಇಂಥ 64 ಕಟ್ಟೆ ಇದ್ದವಂತೆ, ಈಗ ಹನ್ನೆರಡು ಉಳಿದಿವೆ. ಟೂರಿಸ್ಟುಗಳು ಇದನ್ನು ನೋಡುವುದೇ ಇಲ್ಲ, ಮಣ್ಣಿನ ಗುಡ್ಡೆ ಅಂತ ದಾಟಿ ಹೋಗುತ್ತಾರೆ. ನಾನು ಮಾತ್ರ ಅಲ್ಲಿ ಅರ್ಧ ಗಂಟೆ ನಿಂತೆ. ಮಳೆಗಾಲದಲ್ಲಿ ಅಡಿಕೆ ಕಾಪಾಡಿದವನಿಗೆ ಇದು ತಕ್ಷಣ ಅರ್ಥವಾಗುತ್ತದೆ. ನೆಲದ ಮೇಲೆ ಚೀಲ ಇಟ್ಟರೆ ಥಂಡಿ ಎಳೆದು ಬೂಷ್ಟು ಬರುತ್ತದೆ, ಅದಕ್ಕೇ ನಾವು ಮರದ ಅಟ್ಟಣಿಗೆ ಹಾಕಿ, ಕೆಳಗೆ ಗಾಳಿ ಆಡುವ ಹಾಗೆ ಸಂದು ಬಿಟ್ಟು ಪೇರಿಸುತ್ತೇವೆ. ಇಲ್ಲಿಯೂ ಅದೇ. ನೆರೆ ಬಂದರೆ ನೀರು ಮುಟ್ಟಬಾರದು ಅಂತ ಎತ್ತರ, ಗಾಳಿಗೆ ಅಂತ ಓಣಿ. ನೀರಿನ ತೊಟ್ಟಿಯ ಪಕ್ಕದಲ್ಲಿ ಯಾರಾದರೂ ಊರಿನ ಅತಿ ದೊಡ್ಡ ಗೋಡೌನು ಸುಮ್ನೆ ಕಟ್ಟುತ್ತಾರಾ? ಸರಕು ಇಳಿಸುವ ಜಾಗ ಪಕ್ಕದಲ್ಲಿದ್ದರೆ ಮಾತ್ರ ಕಟ್ಟುತ್ತಾರೆ. ಹಮಾಲಿ ಖರ್ಚು ಉಳಿಯುತ್ತದಲ್ಲ!

ಈಗ ಮ್ಯೂಸಿಯಂ. ಚಿಕ್ಕದು, 1976ರಲ್ಲಿ ಶುರುವಾದದ್ದು, ಟಿಕೆಟ್ ದುಡ್ಡು ಲೆಕ್ಕಕ್ಕೇ ಬರುವುದಿಲ್ಲ. ಆದರೆ ನನ್ನ ಮಟ್ಟಿಗೆ ಇಡೀ ಪ್ರವಾಸದ ಬೆಲೆ ಇಲ್ಲೇ ವಸೂಲಾಯಿತು. ಗಾಜಿನ ಹಿಂದೆ ಹೆಬ್ಬೆಟ್ಟಿನಷ್ಟು ಅಗಲದ ಮಣ್ಣಿನ ಬಿಲ್ಲೆಗಳು. ಮುಂದೆ ಒಂದು ಕೊಂಬಿನ ಪ್ರಾಣಿ, ಮೇಲೆ ಯಾರಿಗೂ ಇನ್ನೂ ಓದಲು ಬಾರದ ಆ ಅಕ್ಷರಗಳು. ಜನ ಮುಂಭಾಗ ನೋಡಿ ಮುಂದೆ ಹೋಗುತ್ತಾರೆ. ನೋಡಬೇಕಾದದ್ದು ಹಿಂಭಾಗ.

ಹಿಂದೆ ಏನಿದೆ ಗೊತ್ತಾ? ಹುರಿಯ ಗುರುತು. ಎರಡೆಳೆ ಹೊಸೆದ ಹುರಿ, ಅದರ ತಿರುಪು ಸಹ ಕಾಣುತ್ತದೆ. ಇನ್ನೊಂದರಲ್ಲಿ ಚಾಪೆಯ ನೇಯ್ಗೆ, ಮತ್ತೊಂದರಲ್ಲಿ ಜೊಂಡಿನ ಗೆರೆ. ಅಂದರೆ ಸರಕಿನ ಮೂಟೆ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣಿನ ಮುದ್ದೆ ಮೆತ್ತಿ, ಅದರ ಮೇಲೆ ವ್ಯಾಪಾರಿ ತನ್ನ ಮುದ್ರೆ ಒತ್ತಿದ್ದಾನೆ. ದಾರಿಯಲ್ಲಿ ಯಾರಾದರೂ ಗಂಟು ಬಿಚ್ಚಿದರೆ ಮಣ್ಣು ಒಡೆಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಇಂಥ 65 ಬಿಲ್ಲೆ ಆ ಗೋಡೌನಿನಲ್ಲಿ ಸಿಕ್ಕಿವೆ. ಕೆಲವದರ ಮೇಲೆ ಒಂದಕ್ಕಿಂತ ಹೆಚ್ಚು ಮುದ್ರೆ. ಅದನ್ನು ನೋಡಿ ನನಗೆ ನಗು ಬಂತು. ನಮ್ಮಲ್ಲಿ ಚೀಲಕ್ಕೆ ದಬ್ಬಳದಲ್ಲಿ ಹುರಿ ಹಾಕಿ ಬಾಯಿ ಹೊಲಿದು, ಮೇಲೆ ಪಾರ್ಟಿಯ ಎರಡಕ್ಷರ, ಲಾಟ್ ನಂಬರ್ ಬಣ್ಣದಲ್ಲಿ ಬರೆಯುತ್ತಾರೆ, ಪಾಲುದಾರಿಕೆ ಸರಕಾದರೆ ಇಬ್ಬರ ಮಾರ್ಕೂ ಬೀಳುತ್ತದೆ. ಇವರದ್ದೂ ಪಾಲುದಾರಿಕೆಯೋ, ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಸಾಹೇಬ ಚೆಕ್ ಮಾಡಿ ಒತ್ತಿದ್ದೋ, ನನ್ನ ಓಟು ಪಾಲುದಾರಿಕೆಗೆ.

ಇನ್ನೊಂದು ಮಾತು. ಹಸಿ ಮಣ್ಣಿನ ಬಿಲ್ಲೆ ನಾಲ್ಕು ಸಾವಿರ ವರ್ಷ ಉಳಿಯುವುದಿಲ್ಲ, ಒಂದು ಮಳೆಗೆ ಕರಗುತ್ತದೆ. ಇವು ಉಳಿದದ್ದು ಗೋಡೌನಿಗೆ ಬೆಂಕಿ ಬಿದ್ದದ್ದರಿಂದ. ಬೆಂಕಿಯಲ್ಲಿ ಬಿಲ್ಲೆ ಬೆಂದು ಇಟ್ಟಿಗೆಯ ಹಾಗೆ ಗಟ್ಟಿಯಾಯಿತು. ಒಬ್ಬ ವ್ಯಾಪಾರಿಯ ಮೂಟೆಯೆಲ್ಲ ಸುಟ್ಟು ಹೋದ ದಿನ ನಮಗೆ ದಾಖಲೆ ಸಿಕ್ಕಿತು. ಆವತ್ತು ಇನ್ಶೂರೆನ್ಸ್ ಇರಲಿಲ್ಲ ಪಾಪ.

ಆಮೇಲೆ ತೂಕದ ಕಲ್ಲು. ಇದರ ಬಗ್ಗೆ ಬರೆಯದಿದ್ದರೆ ನಾನು ಮಂಡಿಯವನೇ ಅಲ್ಲ. ನುಣುಪಾದ ಚೌಕ ಕಲ್ಲುಗಳು, ಲೂಡೊ ದಾಳದಂಥವೂ ಇವೆ, ದೊಡ್ಡವೂ ಇವೆ. ಅತಿ ಚಿಕ್ಕ ಮೂಲಮಾನ ಹಿಡಿದು ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು, ಹೀಗೆ ದುಪ್ಪಟ್ಟು. ದೊಡ್ಡ ತೂಕಕ್ಕೆ ಬಂದರೆ ಹತ್ತರ ಲೆಕ್ಕ. ದುಪ್ಪಟ್ಟು ಯಾಕೆ ಅಂತೀರಾ? ಮೊದಲ ಐದು ಕಲ್ಲು ತಕ್ಕಡಿಯಲ್ಲಿ ಹಾಕಿ ತೆಗೆದು ಮಾಡಿದರೆ ಒಂದರಿಂದ ಮೂವತ್ತೊಂದರವರೆಗೆ ಎಷ್ಟು ಬೇಕಾದರೂ ತೂಗಬಹುದು, ಸಂಚಿಯಲ್ಲಿ ಹೊರಬೇಕಾದದ್ದು ಐದೇ. ಎಲ್ಲ ಊರುಗಳಲ್ಲೂ ಜಾಸ್ತಿ ಸಿಗುವುದು ಹದಿನಾರರ ಕಲ್ಲು, ಸುಮಾರು 13.7 ಗ್ರಾಂ. ಹದಿನಾರು! ನಮ್ಮ ಅಜ್ಜ ಸೇರಿಗೆ ಹದಿನಾರು ಚಟಾಕು, ರೂಪಾಯಿಗೆ ಹದಿನಾರಾಣೆ ಅಂತ ಬಾಯಿಲೆಕ್ಕ ಹೇಳುತ್ತಿದ್ದದ್ದು ನೆನಪಾಯಿತು. ಅದಕ್ಕೂ ಇದಕ್ಕೂ ನೇರ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ, ಅರ್ಧ ಅರ್ಧ ಮಾಡುತ್ತ ಹೋದರೆ ಯಾವ ಕಾಲದಲ್ಲೂ ಅಲ್ಲಿಗೇ ಬರುತ್ತೀರಿ. ಆಶ್ಚರ್ಯ ಅಂದರೆ ಹರಪ್ಪದಲ್ಲಿ, ಮೊಹೆಂಜೊದಾರೊದಲ್ಲಿ, ಇಲ್ಲಿ, ನೂರಾರು ಕಿಲೋಮೀಟರ್ ದೂರದ ಊರುಗಳಲ್ಲಿ ಒಂದೇ ತೂಕ. ನಮ್ಮಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ಎರಡು ಅಂಗಡಿಯ ನಡುವೆ ಅರ್ಧ ಕೇಜಿ ಜಗಳ ತಪ್ಪಿಲ್ಲ. ಪಕ್ಕದಲ್ಲಿ ದಂತದ ಅಳತೆ ಪಟ್ಟಿಯ ವಿಷಯವೂ ಇದೆ. ಲೋಥಲ್‌ನಲ್ಲಿ ಸಿಕ್ಕ ಅದರ ಒಂದು ಗೆರೆಯಿಂದ ಇನ್ನೊಂದಕ್ಕೆ 1.7 ಮಿಲಿಮೀಟರ್.

ಸರಕು ಎಲ್ಲಿಗೆ ಹೋಗುತ್ತಿತ್ತು ಅನ್ನುವುದಕ್ಕೂ ಸಾಕ್ಷಿ ಇದೆ. ಇಲ್ಲಿ ಒಂದು ದುಂಡನೆ ಮುದ್ರೆ ಸಿಕ್ಕಿದೆ, ಸಿಂಧೂ ಮುದ್ರೆಗಳು ಚೌಕ, ಇದು ದುಂಡಗೆ, ಮೇಲೆ ಜಿಂಕೆಯಂಥ ಎರಡು ಪ್ರಾಣಿ. ಇಂಥವು ಸಿಗುವುದು ಬಹ್ರೇನ್, ಕುವೈತಿನ ಫೈಲಕಾ ದ್ವೀಪದ ಕಡೆ. ಅಂದರೆ ಆ ಕಡೆಯ ಪಾರ್ಟಿ ಬಾಕಿ ವಸೂಲಿಗೋ ಏನೋ ಇಲ್ಲಿಯ ತನಕ ಬಂದಿದ್ದ, ಥೇಟ್ ನನ್ನ ಹಾಗೆ! ಇರಾಕಿನಲ್ಲಿ ಅಕ್ಕಾಡಿನ ರಾಜ ಸಾರ್ಗನ್ ತನ್ನ ಹಡಗುಕಟ್ಟೆಗೆ ಮೆಲುಹಾ, ಮಗನ್ (ಈಗಿನ ಒಮಾನ್ ಕಡೆ), ದಿಲ್ಮುನ್ (ಬಹ್ರೇನ್ ಕಡೆ) ಹಡಗುಗಳು ಬಂದು ನಿಲ್ಲುತ್ತವೆ ಅಂತ ಬರೆಸಿಕೊಂಡಿದ್ದಾನೆ. ಮೆಲುಹಾ ಅಂದರೆ ನಮ್ಮ ಸಿಂಧೂ ಕಡೆ ಅಂತ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಅದೇ ಕಾಲದ ಶು-ಇಲಿಶು ಅನ್ನುವವನ ಮುದ್ರೆಯೊಂದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಅದರಲ್ಲಿ ಅವನ ಉದ್ಯೋಗ ಮೆಲುಹಾ ಭಾಷೆಯ ದುಭಾಷಿ ಅಂತ ಬರೆದಿದೆ. ದುಭಾಷಿಯನ್ನು ಇಟ್ಟುಕೊಳ್ಳಬೇಕಾದರೆ ವ್ಯವಹಾರ ಎಷ್ಟು ನಡೆಯುತ್ತಿರಬೇಕು ನೋಡಿ. ನಾಣ್ಯ ಇಲ್ಲದೆ ಲೆಕ್ಕ ಹೇಗೆ ಚುಕ್ತಾ ಮಾಡಿಕೊಂಡರು? ಆ ಕಡೆ ಬೆಳ್ಳಿ ತೂಗಿ ಕೊಡುತ್ತಿದ್ದರು, ಬಾರ್ಲಿ ಅಳೆದು ಕೊಡುತ್ತಿದ್ದರು. ಈ ಕಡೆಯ ಖಾತೆ ಪುಸ್ತಕ ಮಾತ್ರ ಯಾರ ಕೈಗೂ ಸಿಕ್ಕಿಲ್ಲ. ನನಗೆ ಅದೊಂದೇ ಬೇಜಾರು.

ಅವರು ಕಳಿಸುತ್ತಿದ್ದದ್ದರಲ್ಲಿ ಮುಖ್ಯ ಐಟಂ ಕೆಂಪು ಅಕೀಕ್ ಕಲ್ಲಿನ ಮಣಿ. ಲೋಥಲ್‌ನಲ್ಲಿ ಮಣಿ ಮಾಡುವ ಕಾರ್ಖಾನೆಯೇ ಇತ್ತು, ಅದರ ಪಾಯ, ಕಲ್ಲು ಸುಡುವ ಗೂಡು ಎಲ್ಲ ತೋರಿಸುತ್ತಾರೆ. ಕಲ್ಲು ಗಣಿಯಿಂದ ಬರುವಾಗ ಕೆಂಪಗಿರುವುದಿಲ್ಲ, ಮಾಸಲು ಹಳದಿ. ಬಿಸಿಲಲ್ಲಿ ಒಣಗಿಸಿ ಮಡಕೆಯಲ್ಲಿಟ್ಟು ಬೆರಣಿ ಬೆಂಕಿಯಲ್ಲಿ ಸುಟ್ಟರೆ ಒಳಗಿನ ಕಬ್ಬಿಣದಂಶ ಕೆಂಪಾಗುತ್ತದೆ. ಭರೂಚ್ ಜಿಲ್ಲೆಯ ರತನ್‌ಪುರದ ಕಲ್ಲು, ಖಂಭಾತಿನ ಕೈಗಳು, ಇವತ್ತಿಗೂ ಈ ಕೆಲಸ ನಡೆಯುತ್ತಿದೆ. ಆಗಿನ ಬೈರಿಗೆಯಂಥದ್ದನ್ನೇ ಮಾಡಿ ತೂತು ಕೊರೆದು ನೋಡಿದವರಿಗೆ ಗಂಟೆಗೆ ಹೆಚ್ಚೂಕಡಿಮೆ ಎರಡೂವರೆ ಮಿಲಿಮೀಟರ್ ಇಳಿಯಿತಂತೆ. ಹತ್ತು ಸೆಂಟಿಮೀಟರ್ ಉದ್ದದ ಮಣಿಗೆ ಬರೀ ತೂತಿಗೇ 40 ಗಂಟೆ ಆಯಿತಲ್ಲ! ಇರಾಕಿನ ಊರ್ ಪಟ್ಟಣದ ರಾಜಮನೆತನದ ಗೋರಿಗಳಲ್ಲಿ ಇಂಥ ಮಣಿ ಸಿಕ್ಕಿದೆ ಅಂದರೆ ಆ ಬೆಲೆ ಕೊಡುವವರೂ ಇದ್ದರು.

ಇಲ್ಲಿಗೆ ಟೂರಿನವರ ಎರಡನೇ ಆಟ. ನಮಗೆ ಸೈಟಿಗೆ ಒಂದೂಕಾಲು ಗಂಟೆ ಅಂತ ಗಡಿಯಾರ ತೋರಿಸಿ ಎಬ್ಬಿಸಿದವರು, ವಾಪಸ್ ಬರುವಾಗ ದಾರಿಯಲ್ಲಿ ಒಂದು ಮಣಿ ಅಂಗಡಿಯಲ್ಲಿ ಆರಾಮಾಗಿ ಒಂದು ಗಂಟೆ ಕೂರಿಸಿದರು. "ಹರಪ್ಪ ಡಿಸೈನ್, ಶುದ್ಧ ಅಕೀಕ್." ನಾನು ಬೇಡ ಅಂದೆ. ಭಾವಮೈದುನ ಕೇಳಬೇಕಲ್ಲ, ಹೆಂಡತಿಗೆ ಅಂತ 1,200 ಕೊಟ್ಟು ಒಂದು ಸರ ತಗೊಂಡ. ಊರಿಗೆ ಬಂದ ಮೇಲೆ ಪರಿಚಯದ ಅಕ್ಕಸಾಲಿಗರು ಭೂತಗನ್ನಡಿ ಹಿಡಿದು ಒಂದೇ ನಿಮಿಷದಲ್ಲಿ ಹೇಳಿದರು, ಒಳಗೆ ಗಾಳಿಗುಳ್ಳೆ ಇದೆ, ಇದು ಗಾಜು. ಗಲ್ಲಕ್ಕೆ ಒತ್ತಿ ನೋಡಿ, ಕಲ್ಲಾದರೆ ತಣ್ಣಗೆ ಇರಬೇಕು, ಇದು ಬೇಗ ಬಿಸಿಯಾಗುತ್ತದೆ ಅಂದರು. ತಂಗಿಗೆ ಇನ್ನೂ ಹೇಳಿಲ್ಲ. ಅವಳು ಅದನ್ನೇ ಹಾಕಿಕೊಂಡು ಒಂದು ಗೃಹಪ್ರವೇಶಕ್ಕೂ ಹೋಗಿ ಬಂದಳು. ನೀವು ಯಾರೂ ಹೇಳಬೇಡಿ.

ಊಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪ್ಯಾಕೇಜಿನ ಊಟ ಅಂದರೆ ತಣ್ಣಗಾದ ಥೇಪ್ಲಾ, ಒಂದು ಮಜ್ಜಿಗೆ ಪ್ಯಾಕೆಟ್. ಮಜ್ಜಿಗೆ ಚೆನ್ನಾಗಿತ್ತು.

ಹೋಗುವವರಿಗೆ ನಾನು ಹೇಳುವುದು: ಪ್ಯಾಕೇಜ್ ಬೇಡ. ಬರೀ ಟ್ಯಾಕ್ಸಿ ಮಾತಾಡಿಕೊಂಡು ಬೇಗ ಹೊರಡಿ, ಶುಕ್ರವಾರ ಮಾತ್ರ ಬಿಡಿ. ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ, ಬಯಲಲ್ಲಿ ನೆರಳು ಇಲ್ಲ, ಕೊಡೆ, ನೀರು ಇಟ್ಟುಕೊಳ್ಳಿ. ಮೊದಲು ಮ್ಯೂಸಿಯಂ ನೋಡಿ ಆಮೇಲೆ ಸೈಟಿಗೆ ಇಳಿಯಿರಿ, ನಾವು ಉಲ್ಟಾ ಮಾಡಿ ಆ ಜಗಲಿಗೆ ಎರಡನೇ ಸಲ ಓಡಬೇಕಾಯಿತು. ಹತ್ತಿರದಲ್ಲೇ ದೊಡ್ಡ ರಾಷ್ಟ್ರೀಯ ಕಡಲ ಪರಂಪರೆ ಸಂಕೀರ್ಣ ಕಟ್ಟುತ್ತಿದ್ದಾರೆ, ಅದು ಮುಗಿದ ಮೇಲೆ ಜನ ಜಾಸ್ತಿಯಾಗುತ್ತಾರೆ. ಬಿಲ್ಲೆಗಳ ಮುಂದೆ ನಿಧಾನವಾಗಿ ನಿಲ್ಲಬೇಕು ಅನ್ನುವವರು ಈಗಲೇ ಹೋಗಿ ಬನ್ನಿ.

ಲೋಥಲ್‌ಗೆ ಐದಕ್ಕೆ ಐದು. ಟೂರಿನವರಿಗೆ ಎರಡು, ಅದರಲ್ಲಿ ಒಂದು ಗಾಂಠಿಯಾದ್ದು, ಇನ್ನೊಂದು ಗೈಡ್ ನಮ್ಮನ್ನು ಬಿಟ್ಟು ಹೋಗಿದ್ದಕ್ಕೆ. ಮಣಿ ಅಂಗಡಿಗೆ ಸೊನ್ನೆ.

ಸೋಮವಾರ ಪಾರ್ಟಿ ಹತ್ತಿರ ಹೋದೆವು. ಅರ್ಧ ಕೊಟ್ಟರು. ಇನ್ನರ್ಧಕ್ಕೆ ದೀಪಾವಳಿ ಅಂದಿದ್ದಾರೆ.